ಒಳಗೋಡೆ ತೆಗೆದ ಮೇಲೆ ನೆಲದ ಕೆಲಸ
(ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಒಳಗೋಡೆ ಒಡೆಯುವುದು ಅರ್ಧ ದಿನದ ಕೆಲಸ. ಇಬ್ಬರು ಆಳು, ಒಂದು ಸುತ್ತಿಗೆ, ಒಂದು ಹಾರೆ ಇದ್ದರೆ ಸಾಯಂಕಾಲದೊಳಗೆ ಎರಡು ಕೋಣೆ ಒಂದಾಗುತ್ತದೆ. ತೊಂದರೆ ಶುರುವಾಗುವುದು ಮಾರನೆಯ ದಿನ, ಕಲ್ಲುಮಣ್ಣು ಹೊರಗೆ ಹೊತ್ತು ಹಾಕಿದ ಮೇಲೆ. ಗೋಡೆ ನಿಂತಿದ್ದ ಜಾಗದಲ್ಲಿ ಮುಕ್ಕಾಲು ಅಡಿ ಅಗಲದ ಗಾಯವೊಂದು ಮನೆಯ ಉದ್ದಕ್ಕೂ ಉಳಿದಿರುತ್ತದೆ. ಅದನ್ನು ಮುಚ್ಚುವುದು ಹೇಗೆಂಬುದೇ ಇವತ್ತಿನ ಮಾತು.

ಅದಕ್ಕೆ ಮೊದಲು ಎಚ್ಚರಿಕೆ. ಲೈನು ಮನೆ, ವಯನಾಡಿನವರು ಪಾಡಿ ಎನ್ನುತ್ತಾರಲ್ಲ, ಅದು ನಮ್ಮ ಸ್ವತ್ತಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ಬಂದಂದಿನಿಂದ ಅದನ್ನು ಕಟ್ಟಿಸಿ ನೋಡಿಕೊಳ್ಳುವ ಹೊಣೆ ಎಸ್ಟೇಟಿನದು. ಆಫೀಸಿನ ಅನುಮತಿ ಕಾಗದದಲ್ಲಿ ಕೈಗೆ ಬರುವ ತನಕ ಅಲ್ಲಿ ಒಂದು ಇಟ್ಟಿಗೆಯನ್ನೂ ಮುಟ್ಟಕೂಡದು. ನಾನು ಹೇಳುವುದು ಗ್ರಾಚ್ಯುಟಿ ಹಣ ಹಾಕಿ ಎರಡು ಮೂರು ಸೆಂಟು ಜಾಗದಲ್ಲಿ ಸ್ವಂತ ಗೂಡು ಮಾಡಿಕೊಂಡವರಿಗೆ. ಅವರೂ ಮೊದಲು ತಲೆ ಎತ್ತಿ ನೋಡಬೇಕು. ಮಾಡಿನ ತೊಲೆಯಾಗಲಿ ಪಟ್ಟಿಯಾಗಲಿ ಆ ಗೋಡೆಯ ಮೇಲೆ ಕೂತಿದ್ದರೆ ಅದು ಬರೀ ಮರೆಯಲ್ಲ, ಮನೆಯ ಬೆನ್ನುಮೂಳೆ. ತಿಳಿದ ಮೇಸ್ತ್ರಿಯನ್ನು ಕರೆಸಿ ತೋರಿಸಿರಿ. ಕರೆಂಟಿನ ಮೇನ್ ಆರಿಸದೆ ಸುತ್ತಿಗೆ ಎತ್ತಬೇಡಿರಿ.

ಈಗ ನೆಲಕ್ಕೆ ಬರೋಣ. ಸಾಮಾನ್ಯವಾಗಿ ಜನ ಏನು ಮಾಡುತ್ತಾರೆ? ಗೋಡೆಯನ್ನು ನೆಲದ ಮಟ್ಟಕ್ಕೆ ಕೆತ್ತಿ, ಮೇಲೆ ಅರ್ಧ ಇಂಚು ಸಿಮೆಂಟು ಸವರಿ, ಆಯಿತು ಎನ್ನುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರಡೂ ಅಂಚಿನಲ್ಲಿ ಬಿರುಕು, ಮೂರನೆಯ ತಿಂಗಳು ಹೆಂಚಿನ ಚೂರಿನ ಹಾಗೆ ಏಳುತ್ತದೆ. ಕಾರಣ ಸರಳ. ಗೋಡೆಯ ಬುಡ ಕೂತಿರುವುದು ಕಲ್ಲಿನ ತಳಪಾಯದ ಮೇಲೆ, ಅದು ಅಲುಗುವುದಿಲ್ಲ. ಅಕ್ಕಪಕ್ಕದ ನೆಲ ಕೂತಿರುವುದು ತುಂಬಿದ ಮಣ್ಣಿನ ಮೇಲೆ, ಅದು ವರ್ಷದಿಂದ ವರ್ಷಕ್ಕೆ ಕೂಳೆಯಂತೆ ಕುಸಿಯುತ್ತದೆ. ನಡುವೆ ತೆಳ್ಳಗಿನ ಗಾರೆ ಏನು ತಾಳೀತು?

ಆದ್ದರಿಂದ ಗೋಡೆಯ ಬುಡವನ್ನು ನೆಲದ ಮಟ್ಟಕ್ಕಿಂತ ಆರು ಏಳು ಇಂಚು ಕೆಳಕ್ಕೆ ತೆಗೆಯಬೇಕು. ಹಳೆಯ ನೆಲದ ಹರಕು ಅಂಚನ್ನು ದಾರ ಹಿಡಿದು ಗೆರೆ ಹಾಕಿ, ಉಳಿಯಿಂದ ನೆಟ್ಟಗೆ ಕತ್ತರಿಸಬೇಕು. ಗುಂಡಿಯಲ್ಲಿ ಎರಡು ಇಂಚು ಗಟ್ಟಿ ಜಲ್ಲಿಮಣ್ಣು ಹಾಕಿ, ನೀರು ಚಿಮುಕಿಸಿ ದಮ್ಮಸು ಮಾಡಿರಿ. ಒಡೆದ ಗೋಡೆಯ ಮಣ್ಣನ್ನೇ ತುಂಬುವ ಆಸೆ ಬೇಡ. ಅದರ ಇಟ್ಟಿಗೆ ಚೂರು ಆಗಬಹುದು, ಪುಡಿ ಮಣ್ಣು ಆಗದು. ನಮ್ಮ ಘಟ್ಟದಲ್ಲಿ ನೆಲ ಬೆವರುವುದು ಎಲ್ಲರಿಗೂ ಗೊತ್ತು, ಹಾಗಾಗಿ ಮೇಲೊಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ಒಳ್ಳೆಯದು. ಅದರ ಮೇಲೆ ಮೂರು ಇಂಚು ಕಾಂಕ್ರೀಟು: ಒಂದು ಪಾಲು ಸಿಮೆಂಟು, ಮೂರು ಮರಳು, ಆರು ಜಲ್ಲಿ. ಅದು ಬಿಗಿದ ಮೇಲೆ ಒಂದೂವರೆ ಇಂಚು ಮೇಲ್ಪದರ: ಒಂದು, ಎರಡು, ನಾಲ್ಕು, ಜಲ್ಲಿ ಸಣ್ಣದು. ಹಾಕುವ ಮುಂಚೆ ಹಳೆಯ ಅಂಚಿಗೆ ನೀರು ಕುಡಿಸಿ ಸಿಮೆಂಟು ಹಾಲು ಬಳಿಯಿರಿ. ನೀರು ಹೆಚ್ಚಾದಷ್ಟೂ ಕೆಲಸ ಸುಲಭ, ನೆಲ ಸುಳ್ಳು.

ಖರ್ಚಿನ ಮಾತು. ಹತ್ತು ಅಡಿ ಉದ್ದ, ಒಂಬತ್ತು ಇಂಚು ಅಗಲದ ಪಟ್ಟಿಗೆ ಈ ಲೆಕ್ಕದಲ್ಲಿ ಸುಮಾರು ಅರ್ಧ ಮೂಟೆ ಸಿಮೆಂಟು ಹಿಡಿಯುತ್ತದೆ. 50 ಕಿಲೋದ ಒಂದೇ ಮೂಟೆ ತಂದರೆ ಧಾರಾಳ. ಮೂರು ತರಿಸಿರಿ ಎಂದು ಯಾರಾದರೂ ಹೇಳಿದರೆ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಿ. ನಮ್ಮ ಮಂಜಿನಲ್ಲಿ ತೆರೆದ ಮೂಟೆ ಬೇಗನೆ ಕಲ್ಲಾಗುತ್ತದೆ, ಕೂಲಿಯ ದುಡ್ಡು ಮಣ್ಣುಪಾಲು.

ಬಹಳ ಮನೆಗಳಲ್ಲಿ ಅಡಿಗೆಮನೆಯ ನೆಲ ಒಂದಿಷ್ಟು ತಗ್ಗು. ಗೋಡೆ ಇದ್ದಾಗ ಅದು ಕಾಣುವುದಿಲ್ಲ. ಅರ್ಧ ಇಂಚು ವ್ಯತ್ಯಾಸವಾದರೆ ತಗ್ಗಿನ ಕಡೆ ಇನ್ನೂ ಎರಡು ಅಡಿ ಹಳೆಯ ನೆಲ ಕೆತ್ತಿ, ಕಣ್ಣಿಗೆ ಕಾಣದಂತೆ ಇಳಿಜಾರು ಕೊಡಬಹುದು. ಮೂರು ನಾಲ್ಕು ಇಂಚಾದರೆ ಮುಚ್ಚುಮರೆ ಬೇಡ, ಮೆಟ್ಟಿಲೆಂದೇ ಬಿಟ್ಟು ಅಂಚಿಗೆ ಬಿಳಿ ಬಣ್ಣ ಹೊಡೆಯಿರಿ. ಎಲ್ಲಕ್ಕಿಂತ ಕೆಟ್ಟದ್ದು ಮುಕ್ಕಾಲು ಇಂಚಿನ ಏರು. ರಾತ್ರಿ ನೀರಿಗೆ ಎದ್ದ ಅಜ್ಜಿಯ ಹೆಬ್ಬೆರಳು ಅದಕ್ಕೇ ಸಿಕ್ಕುವುದು. ಆ ವಯಸ್ಸಿನಲ್ಲಿ ಸೊಂಟ ಮುರಿದರೆ ಮತ್ತೆ ಎದ್ದು ನಡೆಯುವವರು ಎಷ್ಟು ಮಂದಿ? ರಸಮಟ್ಟ ಇಲ್ಲದಿದ್ದರೆ ನೆಟ್ಟಗಿನ ಉದ್ದ ಹಲಗೆ ಇಟ್ಟು ನೋಡಿರಿ, ಕಣ್ಣಂದಾಜು ನಂಬಬೇಡಿರಿ.

ಕೆಂಪು ನೆಲದವರು ಬಣ್ಣ ಕೂಡಲಿಲ್ಲವೆಂದು ಕೊರಗುತ್ತಾರೆ. ಇಪ್ಪತ್ತು ವರ್ಷ ಕಾಲು ಉಜ್ಜಿದ ಕೆಂಪು ಹೊಸ ಪುಡಿಯಲ್ಲಿ ಬರುವುದಿಲ್ಲ. ಕಪ್ಪು ಬಣ್ಣ ಕಲಸಿ ಪಟ್ಟಿಯಾಗಿಯೇ ಬಿಡಿರಿ, ಚೆಂದವೂ ಹೌದು. ಹೊಸ ಕಾಂಕ್ರೀಟು ಒಣಗುವಾಗ ಕುಗ್ಗುವುದರಿಂದ ಅಂಚಿನಲ್ಲಿ ಕೂದಲೆಳೆ ಬಿರುಕು ಬಂದೇ ಬರುತ್ತದೆ. ಹಸಿ ಇರುವಾಗಲೇ ಕರಣೆಯ ಮೂಲೆಯಿಂದ ಅಲ್ಲೊಂದು ಗೆರೆ ಎಳೆದರೆ ಬಿರುಕು ಆ ಗೆರೆಯಲ್ಲೇ ಅಡಗುತ್ತದೆ. ಮಣ್ಣು ನೆಲದವರಿಗೆ ಈ ತಾಪತ್ರಯವಿಲ್ಲ: ಅದೇ ಮಣ್ಣನ್ನು ತೆಳು ತೆಳುವಾಗಿ ಬಡಿದು ಸಾರಿಸಿದರಾಯಿತು.

ಸೊಪ್ಪು ಕೀಳುವ ಅಕ್ಕಂದಿರಿಗೆ ಒಂದು ಮಾತು. ನಿಮ್ಮ ಬೆರಳ ತುಂಬ ಸೀಳು. ಹಸಿ ಸಿಮೆಂಟು ಚರ್ಮ ಸುಡುತ್ತದೆ, ಸೀಳಿನೊಳಗೆ ಹೋದರೆ ವಾರಗಟ್ಟಲೆ ಕೆಲಸಕ್ಕೆ ಹೋಗಲಾಗದು. ರಬ್ಬರ್ ಕೈಚೀಲ ಹಾಕದೆ ಗಾರೆ ಮುಟ್ಟಬೇಡಿರಿ. ತಾಗಿದರೆ ಕೂಡಲೇ ಬೇಕಾದಷ್ಟು ನೀರಿನಲ್ಲಿ ತೊಳೆಯಿರಿ.

ಮಾರನೆಯ ದಿನದಿಂದ ಒದ್ದೆ ಗೋಣಿ ಹಾಸಿ, ಬೆಳಿಗ್ಗೆ ಸಂಜೆ ನೀರು ಹಾಕಿ ಹತ್ತು ದಿನ ಕಾಯಬೇಕು. ಮಂಜು ಇದೆಯಲ್ಲ ಎಂದು ಗೋಣಿ ತೆಗೆಯಬೇಡಿರಿ, ಒಲೆಯ ಕಾವಿಗೆ ಒಳಗಿನ ನೆಲ ಒಣಗುತ್ತದೆ. ಅಷ್ಟು ದಿನ ಓಡಾಡಲು ಪಟ್ಟಿಯ ಮೇಲೆ ಹಲಗೆ ಅಡ್ಡ ಇಡಿರಿ. ಬೀರು, ಅಕ್ಕಿ ಡಬ್ಬ, ಮಂಚ ಇವನ್ನು ಆಮೇಲೆ ಎಳೆದರಾಯಿತು.