ಬೆಳಿಗ್ಗೆ ಹಿಂಡಿದ ಮೋಸಂಬಿ

ಕಳೆದ ವಾರದ ಕಾರ್ಯಕ್ರಮದಲ್ಲಿ ಆಡಿದ ಮಾತನ್ನೇ ಇಲ್ಲಿ ಬರೆದುಕೊಟ್ಟಿದ್ದೇನೆ. ವಿಷಯ ಕೇಳಿ ಹುಬ್ಬೇರಿಸಬೇಡಿ. ಮನೆಯಲ್ಲೇ ಮಾಡುವ ಕಾಕ್‌ಟೇಲ್, ಅದಕ್ಕೆ ಹಿಂಡುವ ಹಣ್ಣು. ಕುಡಿಯದವರೂ ಓದಬಹುದು, ರಸದ ಸಂಗತಿ ಎಲ್ಲರಿಗೂ ಒಂದೇ.

ಮೊದಲು ನನ್ನ ಪಜೀತಿ. ಮನೆಗೆ ಎಂಟು ಜನ ಸ್ನೇಹಿತರು ಬರುವವರಿದ್ದರು. ಸಂಜೆ ಅವಸರ ಬೇಡವೆಂದು ಬೆಳಿಗ್ಗೆಯೇ ಮಂಡಯಿಯಿಂದ ಎರಡು ಡಜನ್ ಮೋಸಂಬಿ ತಂದು, ಹಿಂಡಿ, ಫ್ರಿಜ್ಜಿನಲ್ಲಿಟ್ಟೆ. ರಾತ್ರಿ ವೋಡ್ಕಾಗೆ ಬೆರೆಸಿ ಕೊಟ್ಟರೆ ಮೊದಲ ಗುಟುಕಿಗೇ ಎಲ್ಲರ ಮುಖ ಬೇವಿನೆಲೆ ಅಗಿದ ಹಾಗೆ! ಹಣ್ಣಿನವನು ಮೋಸ ಮಾಡಿದನೆಂದು ಎರಡು ದಿನ ಬೈದುಕೊಂಡೆ. ತಪ್ಪು ಅವನದಲ್ಲ. ಮೋಸಂಬಿಯೊಳಗೆ ಕಹಿಯಿಲ್ಲದ ಒಂದು ಪದಾರ್ಥವಿದೆ. ಹಿಂಡಿದ ಮೇಲೆ ಅದು ರಸದ ಹುಳಿಗೆ ಸಿಕ್ಕಿ, ನಿಧಾನವಾಗಿ ಲಿಮೊನಿನ್ ಎಂಬ ಕಹಿಯಾಗುತ್ತದೆ. ಫ್ರಿಜ್ಜು ತಡ ಮಾಡೀತು, ತಡೆಯಲಾರದು. ಜ್ಯೂಸ್ ಅಂಗಡಿಯವನು ನಿಮ್ಮೆದುರೇ ಹಿಂಡಿ ಕೊಡುವುದು ಬರೀ ನಂಬಿಕೆಗಾಗಿ ಅಲ್ಲ ನೋಡಿ.

ಲಿಂಬೆ ಇಷ್ಟು ಕೈಕೊಡುವುದಿಲ್ಲ. ಆದರೂ ಗಂಟೆಗಳು ಕಳೆದಂತೆ ಅದರ ಘಮ ಹೋಗಿ ಬರೀ ಹುಳಿ ಉಳಿಯುತ್ತದೆ. ನಮ್ಮ ವಿಜಯಪುರ ಕಡೆಯವರಿಗೆ ಇಂಡಿ ಲಿಂಬಿಹಣ್ಣಿನ ಬಗ್ಗೆ ನಾನು ಹೇಳಬೇಕಿಲ್ಲ. ತೆಳು ಸಿಪ್ಪೆ, ತುಂಬು ರಸ. ಫ್ರಿಜ್ಜಿನಿಂದ ತೆಗೆದ ತಕ್ಷಣ ಹಿಂಡಬೇಡಿ. ಸ್ವಲ್ಪ ಹೊತ್ತು ಹೊರಗಿಟ್ಟು, ಅಂಗೈಯಡಿ ಉರುಳಿಸಿ ಕತ್ತರಿಸಿ. ಕೊನೆಯ ಹನಿಗಾಗಿ ಗುದ್ದಾಡಿದರೆ ಸಿಪ್ಪೆಯ ಕಹಿಯೂ ಇಳಿಯುತ್ತದೆ. 2022ರ ಏಪ್ರಿಲ್‌ನಲ್ಲಿ ಒಂದು ಲಿಂಬೆಗೆ ಹತ್ತು ರೂಪಾಯಿ ದಾಟಿದಾಗ ನಾವೆಲ್ಲ ಹಾಗೆಯೇ ಗುದ್ದಾಡಿದ್ದೆವು, ಅದು ಬೇರೆ ಮಾತು.

ಅಳತೆ ಸುಲಭ. 60 ಎಂ.ಎಲ್. ಬಿಳಿ ರಮ್ಮಿಗೆ 25 ಎಂ.ಎಲ್. ಲಿಂಬೆರಸ, 20 ಎಂ.ಎಲ್. ಸಕ್ಕರೆ ಪಾಕ. ಸಕ್ಕರೆ, ನೀರು ಸಮಸಮ. ಮಂಜುಗಡ್ಡೆ ಹಾಕಿ, ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಕುಲುಕಿ ಸೋಸಿ. ಇದಕ್ಕೆ ಕ್ಯೂಬಾದವರು ಡೈಕಿರಿ ಎನ್ನುತ್ತಾರೆ. ಅಂದಹಾಗೆ, ಇಂಗ್ಲಿಷಿನ 'ಪಂಚ್' ಎಂಬ ಪೇಯದ ಹೆಸರು ನಮ್ಮ 'ಪಂಚ', ಹಿಂದಿಯ 'ಪಾಂಚ್'ನಿಂದಲೇ ಹೋಯಿತೆಂದು ಬಹಳ ಮಂದಿ ಹೇಳುತ್ತಾರೆ. ಸಾರಾಯಿ, ಸಕ್ಕರೆ, ಲಿಂಬೆ, ನೀರು, ಮಸಾಲೆ, ಹೀಗೆ ಐದು. ಮಹಾರಾಷ್ಟ್ರದಲ್ಲಿ ರಮ್ಮು, ವೋಡ್ಕಾಗೆ 25 ವರ್ಷ ತುಂಬಿರಬೇಕು, ಪರವಾನಗಿಯೂ ಬೇಕು. ಇದನ್ನು ಹೇಳದಿದ್ದರೆ ನಮ್ಮ ನಿರ್ಮಾಪಕರು ಬಿಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ಮಧ್ಯಾಹ್ನದ ಬಿಸಿಲಲ್ಲಿ ಟೆರೇಸಿನ ಮೇಲೆ ಕೂತು ಲಿಂಬೆ ಹಿಂಡಬೇಡಿ. ರಸ ಅಂಟಿದ ಚರ್ಮಕ್ಕೆ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಸುಟ್ಟ ಹಾಗೆ ಬೊಬ್ಬೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಕೈ ಸೋಪಿನಲ್ಲಿ ತೊಳೆದೇ ಹೊರಗೆ ಹೋಗಿ.

ಆ ರಾತ್ರಿ ಮೋಸಂಬಿ ಚೆಲ್ಲಿದ ಮೇಲೆ ಊರಿಂದ ತಂದ ದೇವನಹಳ್ಳಿ ಚಕ್ಕೋತ ನೆನಪಾಯಿತು. ಸುಲಿಯಲು ಕೂತೆ. ಅತಿಥಿಗಳಲ್ಲೊಬ್ಬರು ಮೆಲ್ಲಗೆ, "ನಾನು ಕೊಲೆಸ್ಟರಾಲ್ ಮಾತ್ರೆ ತಗೋತೀನಿ, ಇದು ನಡೆಯುತ್ತಾ?" ಎಂದರು. ನಡೆಯುವುದಿಲ್ಲ! ಗ್ರೇಪ್‌ಫ್ರೂಟ್, ಅದರ ಬಂಧು ಚಕ್ಕೋತ, ಇವು ಕೆಲವು ಮಾತ್ರೆಗಳನ್ನು ಕರುಳಿನಲ್ಲಿ ಕರಗಿಸುವ ಕಿಣ್ವವನ್ನು ತಡೆಯುತ್ತವೆ. ಔಷಧಿ ರಕ್ತದಲ್ಲಿ ಮಿತಿಮೀರುತ್ತದೆ. ಕೆಲವು ಬಿ.ಪಿ. ಮಾತ್ರೆಗಳಿಗೂ ಇದೇ ಕಥೆ. ಹಣ್ಣು ಹಿಂಡುವ ಮುನ್ನ ಅತಿಥಿಗಳನ್ನು ಕೇಳಿಬಿಡಿ, ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಲಿ.

ಅವರು ಕಾರನ್ನೂ ಓಡಿಸಬೇಕಿತ್ತು, ಪಿಂಪ್ರಿವರೆಗೆ. ಎರಡು ಲಿಂಬೆ ಹಿಂಡಿ ಸೋಡಾ, ಜೀರಿಗೆ ಪುಡಿ ಹಾಕಿ ಕೊಟ್ಟೆ. ಉಪ್ಪು ಸ್ವಲ್ಪ ಹೆಚ್ಚಾಗಿತ್ತಂತೆ. ಲೋಟ ಮಾತ್ರ ಖಾಲಿಯಾಗಿತ್ತು.