ಪದೇ ಪದೇ ಸೋರುವ ಸೈಲೆನ್ಸರ್: ತೇಪೆ ಸಾಲದು, ಮೂಲ ಹುಡುಕಿ

(ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಭಾಗದ ಸದಸ್ಯರ ಸಭೆಗಳಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ದನದ ಡಾಕ್ಟರು ಲಾರಿಯ ಸೈಲೆನ್ಸರ್ ಬಗ್ಗೆ ಹೇಳಲು ನಿಂತರೆ ನಿಮಗೆ ನಗು ಬಂದೀತು. ಆದರೆ ನಿಮ್ಮ ಹಾಲು ಶೀತಲ ಕೇಂದ್ರಕ್ಕೆ ಮುಟ್ಟುವುದು, ಸಂತೆಯಲ್ಲಿ ಕೊಂಡ ಹಸು ಮನೆಗೆ ಬರುವುದು, ಹೊಲದ ಮೇವು ಹಿತ್ತಲಿಗೆ ಬೀಳುವುದು ಬಹಳ ಕಡೆ ಹಳೆಯ ಲಾರಿ, ಟೆಂಪೋಗಳಿಂದಲೇ. 1986ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ 407ರಂಥ ಗಾಡಿಗಳು ಇಂದಿಗೂ ನಮ್ಮ ಹಳ್ಳಿ ರಸ್ತೆಗಳಲ್ಲಿ ದುಡಿಯುತ್ತಿವೆ. ಆದ್ದರಿಂದ ಈ ವಿಷಯ ನಮ್ಮದೇ.

ಬ್ಯಾಡಗಿ ತಾಲೂಕಿನ ಸದಸ್ಯರೊಬ್ಬರು ಒಮ್ಮೆ ರಾಣೆಬೆನ್ನೂರು ಕಡೆಯಿಂದ ಒಂದು ಕಡಸು ಕೊಂಡು ತಂದರು. ಮಳೆ ಇದ್ದುದರಿಂದ ಟೆಂಪೋದ ಹಿಂಭಾಗಕ್ಕೆ ತಾಡಪತ್ರಿ ಬಿಗಿದಿದ್ದರು. ಕಡಸಿನ ಹಗ್ಗ ಹಿಡಿದು ಅವರ ಮಗ ಒಳಗೆ ಕುಳಿತಿದ್ದ. ಮನೆ ಮುಟ್ಟಿದಾಗ ಹುಡುಗನಿಗೆ ತಲೆಸಿಡಿತ, ವಾಂತಿ. ಕಡಸು ತಲೆ ಇಳಿಬಿಟ್ಟು ನಿಂತಿತ್ತು. ಪ್ರಯಾಣದ ಆಯಾಸವೆಂದು ತಿಳಿದು ನನ್ನನ್ನು ಕರೆಸಿದರು. ನಾನು ಟೆಂಪೋದ ಹಿಂಭಾಗಕ್ಕೆ ಹತ್ತಿದೊಡನೆ ನನ್ನ ಕಣ್ಣೇ ಉರಿಯಿತು. ಕೆಳಗೆ ಬಗ್ಗಿ ನೋಡಿದರೆ ಹಲಗೆಯ ಅಡಿಯಲ್ಲೇ ಹೊಗೆ ಕೊಳವೆಯ ಕೂಡು ಬಿಟ್ಟಿತ್ತು. "ಸಾಹೇಬ್ರ, ಈ ವರ್ಷ ನಾಕು ಸಲ ವೆಲ್ಡಿಂಗ್ ಮಾಡ್ಸೇನ್ರಿ, ಮತ್ತ ಬಿಡತೈತಿ" ಎಂದ ಚಾಲಕ. ಹುಡುಗನನ್ನು ಗಾಳಿಗೆ ಕೂರಿಸಿ ಆಸ್ಪತ್ರೆಗೆ ಕಳಿಸಿದೆವು. ಅವನೂ ಕಡಸೂ ಚೇತರಿಸಿಕೊಂಡರು. ದಾರಿ ಇನ್ನೂ ದೂರವಿದ್ದರೆ ಏನಾಗುತ್ತಿತ್ತೋ!

ಹೊಗೆ ಮಾಡುವ ಹಾನಿ

ಇಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಮನುಷ್ಯನಿಗಾದರೂ ದನಕ್ಕಾದರೂ ಇದೇ ನಿಯಮ. ಪೆಟ್ರೋಲ್ ಗಾಡಿಗಿಂತ ಡೀಸೆಲ್ ಗಾಡಿಯಲ್ಲಿ ಇದು ಕಡಿಮೆ ನಿಜ. ಆದರೆ ಕಪ್ಪು ಹೊಗೆ ಉಗುಳುವ ಹಳೆಯ ಇಂಜಿನ್, ಮೇಲೆ ಮುಚ್ಚಿದ ತಾಡಪತ್ರಿ ಎರಡೂ ಸೇರಿದರೆ ಅಪಾಯವೇ. ಡೀಸೆಲ್ ಹೊಗೆ ಕ್ಯಾನ್ಸರ್ ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಘೋಷಿಸಿದೆ.

ಎರಡನೆಯದು ಹಾಲು. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಗಾಡಿ ದಾರಿಯಲ್ಲಿ ನಿಂತರೆ ಕ್ಯಾನಿನಲ್ಲಿರುವ ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಗಳಿಗೆ ಗಳಿಗೆಗೂ ಹೆಚ್ಚುತ್ತವೆ. ಹುಳಿಯಾದ ಹಾಲಿನ ನಷ್ಟ ಕೊನೆಗೆ ಉತ್ಪಾದಕರ ಮೇಲೆಯೇ.

ಮೂರನೆಯದು ಬೆಂಕಿ. ಭಾರ ಹೊತ್ತು ಓಡುವ ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡ್ ಬಳಿ ಹೊಗೆಯ ಶಾಖ 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಒಣ ಕಣಿಕೆ, ಭತ್ತದ ಹುಲ್ಲು ಹೊತ್ತಿಕೊಳ್ಳಲು ಅಷ್ಟು ಬೇಕಿಲ್ಲ.

ಸೋರಿಕೆ ಗುರುತಿಸುವುದು

ಬೆಳಿಗ್ಗೆ ತಣ್ಣಗಿರುವ ಇಂಜಿನ್ ಚಾಲೂ ಮಾಡಿ ಕಿವಿಗೊಡಿ. ಮ್ಯಾನಿಫೋಲ್ಡಿನ ಬಳಿ "ಟಪ್ ಟಪ್" ಸದ್ದು ಬಂದು, ಕಾದ ಮೇಲೆ ಕಡಿಮೆಯಾದರೆ ಅಲ್ಲಿ ಗ್ಯಾಸ್ಕೆಟ್ ಬಿಟ್ಟಿದೆ ಅಥವಾ ಕಬ್ಬಿಣ ಸೀಳಿದೆ ಎಂದು ತಿಳಿಯಿರಿ. ಕೂಡುಗಳ ಸುತ್ತ ಕಪ್ಪು ಮಸಿ ಕಂಡರೆ ಅದೇ ಸೋರಿಕೆಯ ಜಾಗ. ಕೊಳವೆ ತಣ್ಣಗಿರುವಾಗಲೇ ಸೋಪಿನ ನೀರು ಹಚ್ಚಿ ಇಂಜಿನ್ ಚಾಲೂ ಮಾಡಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ.

ಮತ್ತೆ ಮತ್ತೆ ಏಕೆ ಬಿಡುತ್ತದೆ?

ಪದೇ ಪದೇ ಬೆದೆಗೆ ಬರುವ ಎಮ್ಮೆಗೆ ಬರೀ ಸೂಜಿ ಚುಚ್ಚಿಸುತ್ತ ಹೋದರೆ ಗಬ್ಬ ನಿಲ್ಲುವುದಿಲ್ಲ. ಗರ್ಭಕೋಶದ ಸೋಂಕೋ ಖನಿಜಾಂಶದ ಕೊರತೆಯೋ ಕಂಡುಹಿಡಿಯಬೇಕು. ಇಲ್ಲೂ ಹಾಗೆಯೇ. ಬಿಟ್ಟ ಜಾಗ ಒಂದು, ರೋಗದ ಮೂಲ ಇನ್ನೊಂದು.

1. ಇಂಜಿನ್ ಕೂರುವ ಫೌಂಡೇಶನ್ ರಬ್ಬರ್ ಸವೆದರೆ ಇಂಜಿನ್ ತೂಗಾಡುತ್ತದೆ. ಆ ಜಗ್ಗಾಟವೆಲ್ಲ ಹೊಗೆ ಕೊಳವೆಯ ಕೂಡಿನ ಮೇಲೆ ಬೀಳುತ್ತದೆ. ಮೇಲೆ ಹೇಳಿದ ಟೆಂಪೋದಲ್ಲಿ ಇದ್ದ ದೋಷ ಇದೇ. ರಬ್ಬರ್ ಬದಲಿಸಿದ ಮೇಲೆ ವೆಲ್ಡಿಂಗ್ ನಿಂತಿತು.

2. ಸೈಲೆನ್ಸರ್ ನೇತುಹಾಕುವ ಪಟ್ಟಿ, ರಬ್ಬರ್ ತುಂಡಾಗಿ ತಂತಿಯಲ್ಲಿ ಕಟ್ಟಿದ್ದರೆ ಅದರ ಭಾರವೆಲ್ಲ ಮುಂದಿನ ಫ್ಲ್ಯಾಂಜಿಗೆ ಬೀಳುತ್ತದೆ.

3. ಕಾದು ತಣಿದು ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದ್ದರೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಸುಟ್ಟು ಹೋಗುತ್ತದೆ.

4. ಸಂಘದಿಂದ ಸಂಘಕ್ಕೆ ನಿಂತು ನಿಂತು ಓಡುವ ಗಾಡಿಯ ಸೈಲೆನ್ಸರ್ ಪೂರ್ತಿ ಕಾಯುವುದಿಲ್ಲ. ಹೊಗೆಯೊಳಗಿನ ನೀರಾವಿ ಅಲ್ಲೇ ಇಳಿದು, ಗಂಧಕದ ಅಂಶದೊಡನೆ ಆಮ್ಲವಾಗಿ, ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಗಟ್ಟಿ ಕಂಡರೂ ಒಳಗೆ ಟೊಳ್ಳು. ಅಂಥ ತಗಡಿಗೆ ವೆಲ್ಡಿಂಗ್ ಮಾಡಿದರೆ ಪಕ್ಕದಲ್ಲೇ ಮತ್ತೊಂದು ತೂತು.

ಸರಿಪಡಿಸುವ ಕ್ರಮ

ಮೇಸ್ತ್ರಿಗೆ ಗಾಡಿ ಕೊಟ್ಟಾಗ ಎದುರಿಗೆ ನಿಂತು ಈ ಕೆಲಸ ಮಾಡಿಸಿ. ಮೊದಲು ಫೌಂಡೇಶನ್ ರಬ್ಬರ್ ಮತ್ತು ನೇತು ಪಟ್ಟಿಗಳನ್ನು ಸರಿಪಡಿಸಿ, ಕೊಳವೆಗೆ ಆಮೇಲೆ ಕೈ ಹಾಕಲಿ. ಮ್ಯಾನಿಫೋಲ್ಡ್ ಬಿಚ್ಚಿದಾಗ ಅದರ ಮುಖಕ್ಕೆ ನೇರ ಪಟ್ಟಿ ಇಟ್ಟು ನೋಡಲಿ. ಸಂದು ಕಂಡರೆ ಲೇತ್ ಅಂಗಡಿಯಲ್ಲಿ ಮಟ್ಟ ಮಾಡಿಸಬೇಕು, ಸೀಳಿದ್ದರೆ ಬದಲಿಸಬೇಕು. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬಾರದು. ಎಳೆ ಸವೆದ ಸ್ಟಡ್, ನಟ್ಟುಗಳನ್ನೂ ಬದಲಿಸಬೇಕು. ಮೊದಲು ಎಲ್ಲ ಕೂಡುಗಳನ್ನೂ ಸಡಿಲವಾಗಿ ಜೋಡಿಸಿ, ಕೊಳವೆ ತಾನಾಗಿ ನೇರ ಕುಳಿತ ಮೇಲೆ ಬಿಗಿಯಬೇಕು. ಸೊಟ್ಟ ಕೊಳವೆಯನ್ನು ಬೋಲ್ಟಿನಿಂದ ಎಳೆದು ಕೂರಿಸಿದರೆ ಅದು ಮುರಿಯುವವರೆಗೆ ಜಗ್ಗುತ್ತಲೇ ಇರುತ್ತದೆ. ಮ್ಯಾನಿಫೋಲ್ಡ್ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯಲಿ. ಗಾಡಿ ಓಡಿ ಕಾದು ತಣಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಲಿ. ಈ ಕೊನೆಯ ಕೆಲಸ ಬಿಟ್ಟರೆ ಮೊದಲಿನದೆಲ್ಲ ವ್ಯರ್ಥವಾದೀತು.

ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು. ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ತಂತಿ ಕಳಚಿ, ಗಾಡಿಯಲ್ಲಿರುವ ಮೇವು ಇಳಿಸಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳ ಹೊಗೆ ಕೊಳವೆಯಲ್ಲಿ ಸೆನ್ಸರ್, ಫಿಲ್ಟರ್‌ಗಳಿರುತ್ತವೆ. ಅವನ್ನು ರಸ್ತೆ ಬದಿಯಲ್ಲಿ ಕಿತ್ತು ಹಾಕಿಸಬೇಡಿ.

ಸಂಘದ ಜವಾಬ್ದಾರಿ

8 ವರ್ಷ ದಾಟಿದ ಸಾಗಣೆ ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ನಿಮ್ಮ ಹಾಲು ಒಯ್ಯುವ ಗಾಡಿಯದು ಸರಿಯಿದೆಯೇ ಎಂದು ಕೇಳುವ ಹಕ್ಕು ಸದಸ್ಯರಿಗಿದೆ, ನೋಡುವ ಹೊಣೆ ಆಡಳಿತ ಮಂಡಳಿಗಿದೆ. ಚಾಲಕನ ಮೇಲೆ ಸಿಟ್ಟಾಗಬೇಡಿ. ದಿನವೂ ಆ ಹೊಗೆ ಎಲ್ಲರಿಗಿಂತ ಹೆಚ್ಚು ಕುಡಿಯುವವನು ಅವನೇ.

ಕೊನೆಯದಾಗಿ ಒಂದು ಮಾತು. ಹೊಗೆ ಸೋರುವ ಗಾಡಿಯ ಹಿಂಭಾಗದಲ್ಲಿ ತಾಡಪತ್ರಿ ಮುಚ್ಚಿ ಮಕ್ಕಳನ್ನಾಗಲಿ ದನವನ್ನಾಗಲಿ ಸಾಗಿಸಬೇಡಿ. ಯಾರಿಗಾದರೂ ತಲೆನೋವು, ವಾಂತಿ, ಮಂಪರು ಬಂದರೆ ತಕ್ಷಣ ಗಾಡಿ ನಿಲ್ಲಿಸಿ ಹೊರಗಿನ ಗಾಳಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. ನೂರಿನ್ನೂರು ರೂಪಾಯಿ ವೆಲ್ಡಿಂಗಿನಲ್ಲಿ ಮುಗಿಸೋಣವೆಂದು ಜೀವವನ್ನು ಪಣಕ್ಕೆ ಇಡುವುದು ಬೇಡ. ನಾಳೆ ಹಾಲು ಹಾಕಲು ಹೋದಾಗ ನಿಮ್ಮೂರ ಗಾಡಿಯ ಸದ್ದನ್ನು ಒಮ್ಮೆ ಕಿವಿಗೊಟ್ಟು ಕೇಳಿ.