ಸಾಗರದಾಚೆಯ ನಿಕಾಹ್ ಮತ್ತು ಸಾಕ್ಷ್ಯದ ಹೊಣೆ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹಿಂದೆ ಮಗಳಿಗೆ ವರಾನ್ವೇಷಣೆ ಮಾಡುವಾಗ ನಾವು ಹುಡುಗನ ಊರಿನ ಮಸೀದಿಯಲ್ಲಿ ವಿಚಾರಿಸುತ್ತಿದ್ದೆವು. ಇಂದು ಸಂಬಂಧಗಳು ವೈವಾಹಿಕ ಜಾಲತಾಣಗಳಲ್ಲಿ ಕುದುರುತ್ತಿವೆ. ಹುಡುಗ ಟೊರಾಂಟೊದಲ್ಲಿ, ಹುಡುಗಿ ಉಡುಪಿಯಲ್ಲೋ ಭಟ್ಕಳದಲ್ಲೋ. ಇದು ತಪ್ಪೆಂದು ಹೇಳಲು ನಾವಿಲ್ಲಿ ನಿಂತಿಲ್ಲ. ಆದರೆ ನಿಕಾಹ್ ನೆರವೇರಿದ ಮಾತ್ರಕ್ಕೆ ಹುಡುಗಿಗೆ ಕೆನಡಾದ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ನಮ್ಮ ಕುಟುಂಬಗಳು ಅರಿಯುವುದು ಅರ್ಜಿ ತಿರಸ್ಕೃತವಾದ ಬಳಿಕ.

ಕೆನಡಾದ ವಲಸೆ ನಿಯಮಗಳ 4ನೇ ಕಲಮಿನ ಪ್ರಕಾರ, ಮದುವೆಯು ಮುಖ್ಯವಾಗಿ ವಲಸೆಯ ಸೌಲಭ್ಯಕ್ಕಾಗಿಯೇ ನಡೆದಿದ್ದರೆ ಅಥವಾ ಅದು ನೈಜ ಸಂಬಂಧವಲ್ಲದಿದ್ದರೆ ಸ್ಪಾನ್ಸರ್ ಅರ್ಜಿ ನಿಲ್ಲುವುದಿಲ್ಲ. ಎರಡರಲ್ಲಿ ಒಂದು ಕಾರಣ ಸಾಕು. ಸಂಬಂಧವು ನೈಜವೆಂದು ಮನವರಿಕೆ ಮಾಡಿಕೊಡುವ ಹೊಣೆ ದಂಪತಿಯದು. ನಿಶ್ಚಿತಾರ್ಥವಾದವರಿಗೆ ಅಲ್ಲಿ ಪ್ರತ್ಯೇಕ ವೀಸಾ ಇಲ್ಲ. ಅಮೆರಿಕದಲ್ಲಿ ಇದೆ, ಅಲ್ಲಿಯೂ ಅರ್ಜಿಗೆ ಮುಂಚಿನ 2 ವರ್ಷಗಳೊಳಗೆ ಇಬ್ಬರೂ ಮುಖತಃ ಭೇಟಿಯಾಗಿರಬೇಕೆಂಬುದು ಸಾಮಾನ್ಯ ನಿಯಮ.

ಇನ್ನು ಟೆಲಿಫೋನ್ ನಿಕಾಹ್‌ನ ವಿಚಾರ. ವರನಿಗೆ ರಜೆ ಸಿಗಲಿಲ್ಲವೆಂದು ಫೋನಿನಲ್ಲೋ ವೀಡಿಯೊದಲ್ಲೋ ಕಬೂಲ್ ಹೇಳಿಸುವ ರೂಢಿ ನಮ್ಮಲ್ಲಿದೆ. ಅದರ ಧಾರ್ಮಿಕ ಸಿಂಧುತ್ವವನ್ನು ಉಲಮಾಗಳ ಚರ್ಚೆಗೆ ಬಿಡೋಣ. ಆದರೆ 2015ರ ಜೂನ್‌ನಿಂದ ಕೆನಡಾ, ವಧೂವರರಿಬ್ಬರೂ ಖುದ್ದಾಗಿ ಉಪಸ್ಥಿತರಿರದ ಮದುವೆಯನ್ನು ವಲಸೆಯ ಉದ್ದೇಶಕ್ಕೆ ಪರಿಗಣಿಸುವುದಿಲ್ಲ. ತಮ್ಮ ಸೇನೆಯಲ್ಲಿರುವವರಿಗೆ ಮಾತ್ರ ಅಲ್ಲಿ ವಿನಾಯಿತಿಯುಂಟು. ವಿಮಾನದ ಟಿಕೆಟ್ಟಿನ ಹಣ ಉಳಿಸಲು ಹೋಗಿ ಮಗಳನ್ನು ವರ್ಷಗಟ್ಟಲೆ ತವರಿನಲ್ಲಿ ಕೂರಿಸುವುದು ಯಾವ ಜಾಣತನ?

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿರುವುದು ಬೇರೆಯೇ ಸಂಗತಿ. ಆಡಂಬರದ ಮದುವೆ ಬೇಡ, ಸರಳ ನಿಕಾಹ್ ಸಾಕು ಎಂದು ಇದೇ ವೇದಿಕೆಗಳಿಂದ ನಾವು ಹೇಳುತ್ತಾ ಬಂದಿದ್ದೇವೆ. ಆದರೆ ಭಾರತದ ಮದುವೆಯೆಂದರೆ ನೂರಾರು ಅತಿಥಿಗಳು, ದಿನಗಟ್ಟಲೆ ಸಂಭ್ರಮ ಎಂದು ತಿಳಿದಿರುವ ಅಧಿಕಾರಿಗೆ, ಹತ್ತು ಜನರ ಮುಂದೆ ಮುಗಿದ ನಿಕಾಹ್ ಅನುಮಾನಾಸ್ಪದವಾಗಿ ಕಾಣಬಹುದು! ನಮ್ಮ ಹೆಣ್ಣುಮಕ್ಕಳು ಹಯಾದಿಂದಾಗಿ ಫೋಟೊ ತೆಗೆಸಿಕೊಳ್ಳುವುದಿಲ್ಲ, ಸಂದೇಶಗಳನ್ನು ಓದಿದೊಡನೆ ಅಳಿಸಿಬಿಡುತ್ತಾರೆ. ಮನೆಯಲ್ಲಿ ಸಭ್ಯತೆಯೆನಿಸಿದ್ದು ಕಡತದಲ್ಲಿ ಕೊರತೆಯಾಗಿಬಿಡುತ್ತದೆ.

ಹಾಗೆಂದು ಲಕ್ಷಾಂತರ ರೂಪಾಯಿ ಸುರಿದು ಸಭಾಂಗಣ ಹಿಡಿಯಬೇಕಿಲ್ಲ. ಮದುವೆ ಏಕೆ ಸರಳವಾಗಿತ್ತು, ಚಿತ್ರಗಳು ಏಕೆ ವಿರಳ ಎಂಬುದನ್ನು ಪತ್ರಮುಖೇನ ವಿವರಿಸಿರಿ. ಎರಡೂ ಮನೆಯ ಹಿರಿಯರ, ನಿಕಾಹ್‌ನ ಸಾಕ್ಷಿಗಳ ಹೇಳಿಕೆಗಳನ್ನು ಲಗತ್ತಿಸಿರಿ. ಮೊದಲು ಮಾತನಾಡಿದ ದಿನದಿಂದ ಇಂದಿನವರೆಗಿನ ಕರೆಗಳ ದಾಖಲೆ, ಆತ ಊರಿಗೆ ಬಂದುಹೋದ ಟಿಕೆಟ್ಟು, ಪಾಸ್‌ಪೋರ್ಟ್ ಮುದ್ರೆ, ಬ್ಯಾಂಕಿನ ಮೂಲಕ ಕಳುಹಿಸಿದ ಹಣದ ರಸೀದಿ, ಇವು ಮಾತನಾಡುವ ಸಾಕ್ಷ್ಯಗಳು. ಖಾಸಗಿ ಸಂಭಾಷಣೆಯನ್ನೆಲ್ಲ ಪರರ ಮುಂದೆ ಹರಡುವ ಅಗತ್ಯವಿಲ್ಲ. ಬೇರೆ ಬೇರೆ ತಿಂಗಳುಗಳ ಕೆಲವು ಪುಟಗಳನ್ನು ಆರಿಸಿಕೊಳ್ಳಿರಿ. ಮದುವೆಯನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲೂ ನೋಂದಾಯಿಸಿರಿ. ವಕ್ಫ್ ಮಂಡಳಿಯು ವಿವಾಹ ಪ್ರಮಾಣಪತ್ರ ನೀಡಬಹುದೆಂಬ ನಮ್ಮ ರಾಜ್ಯ ಸರಕಾರದ 2023ರ ಆದೇಶಕ್ಕೆ ಹೈಕೋರ್ಟು 2024ರ ನವೆಂಬರ್‌ನಲ್ಲಿ ತಡೆ ನೀಡಿದ್ದನ್ನು ಮರೆಯಬಾರದು.

ಸುಳ್ಳನ್ನು ಮಾತ್ರ ಸೇರಿಸಬೇಡಿ. ಜಾಲತಾಣದಲ್ಲಿ ಪರಿಚಯವಾದುದನ್ನು ಮರೆಮಾಚಿ 'ದೂರದ ಸಂಬಂಧಿಕರು' ಎಂದು ಬರೆಸುವ ಏಜೆಂಟರಿದ್ದಾರೆ. ಸಂದರ್ಶನದಲ್ಲಿ ಆತನದೊಂದು ಉತ್ತರ, ಈಕೆಯದೊಂದು ಉತ್ತರವಾದರೆ ನಿಜವಾದ ಮದುವೆಯೂ ಮುರಿದು ಬೀಳುತ್ತದೆ. ತಪ್ಪು ಮಾಹಿತಿ ಸಾಬೀತಾದರೆ 5 ವರ್ಷಗಳ ನಿರ್ಬಂಧವಿದೆ.

ಹೆಣ್ಣು ಹೆತ್ತವರಿಗೆ ಇನ್ನೊಂದು ಮಾತು. ಇವರು ಹೇಗೆ ಪರಿಚಿತರಾದರು, ಆತನಿಗೆ ಹಿಂದೆ ಮದುವೆಯಾಗಿತ್ತೇ, ಉದ್ಯೋಗವೇನು, ಯಾರೊಡನೆ ವಾಸ ಎಂದು ಅಧಿಕಾರಿ ಕೇಳುತ್ತಾನೆ. ಇವು ವಲಿಯಾದ ತಂದೆ ನಿಕಾಹ್‌ಗೆ ಮುಂಚೆಯೇ ಕೇಳಬೇಕಿದ್ದ ಪ್ರಶ್ನೆಗಳಲ್ಲವೇ? ಸ್ವತಃ ಹೆಂಡತಿಯ ಸ್ಪಾನ್ಸರ್‌ನಿಂದ ಕೆನಡಾದ ಖಾಯಂ ನಿವಾಸಿಯಾದವನು, ಆಕೆಯನ್ನು ತೊರೆದರೂ, 5 ವರ್ಷಗಳವರೆಗೆ ಹೊಸ ಹೆಂಡತಿಯನ್ನು ಸ್ಪಾನ್ಸರ್ ಮಾಡುವಂತಿಲ್ಲ. ಹಿಂದೊಮ್ಮೆ ಹೆಂಡತಿಯನ್ನು ಕರೆಸಿಕೊಂಡಿದ್ದವನು 3 ವರ್ಷಗಳ ಪೋಷಣೆಯ ಮುಚ್ಚಳಿಕೆಗೆ ಬದ್ಧ. ತಲಾಕ್ ಆದರೂ ಅದು ರದ್ದಾಗದು. ಆತನ ಖಾಯಂ ನಿವಾಸದ ಪತ್ರ, ಹಿಂದಿನ ವಿಚ್ಛೇದನದ ಪ್ರತಿ, ಎರಡನ್ನೂ ದಿನಾಂಕ ಸಹಿತ ಓದಿದ ಬಳಿಕವೇ ಮಹ್ರ್‌ನ ಮಾತೆತ್ತಿರಿ.